ಜವೆಗೋಧಿಯ ಜಿಗುಟು

ಪ್ರಾಚೀನ ರೋಮಿನ ಸೇನೆಯಲ್ಲಿ ರಣರಂಗ ಬಿಟ್ಟು ಓಡಿದ ತುಕಡಿಗೆ ಘೋರ ಶಿಕ್ಷೆಯಿತ್ತು. ಚೀಟಿ ಎತ್ತಿ ಸುಮಾರು ಹತ್ತು ಮಂದಿಗೆ ಒಬ್ಬನಂತೆ ಕೊಲ್ಲುತ್ತಿದ್ದರು. ಉಳಿದವರಿಗೆ ಗೋಧಿಯ ಬದಲು ಬಾರ್ಲಿಯ ಪಡಿ ಅಳೆದು ಕೊಡುತ್ತಿದ್ದರು ಎಂದು ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪಾಲಿಬಿಯಸ್ ದಾಖಲಿಸಿದ್ದಾನೆ. ಬಾರ್ಲಿ ತಿನ್ನುವುದೇ ಅವಮಾನವಾಗಿತ್ತು.

ಹಾಗೆಂದು ಅದು ಮೊದಲಿನಿಂದಲೂ ಕೀಳು ಧಾನ್ಯವಲ್ಲ. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮನುಷ್ಯ ಬಿತ್ತಿ ಬೆಳೆದ ಮೊದಲ ಬೆಳೆಗಳಲ್ಲಿ ಅದೂ ಒಂದು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ನೆಲೆಸಿದ ಆದಿ ರೈತರ ಮುಖ್ಯ ಬೆಳೆಯೂ ಅದೇ. ಸಂಸ್ಕೃತದ ‘ಯವ’ ಕನ್ನಡದಲ್ಲಿ ಜವೆ, ಜವೆಗೋಧಿಯಾಯಿತು. ಮೂತ್ರದ ತೊಂದರೆಗಳ ಗುಂಪಾದ ಪ್ರಮೇಹಕ್ಕೆ ಚರಕ ಸಂಹಿತೆ ಯವವನ್ನೇ ಪ್ರಧಾನ ಆಹಾರವಾಗಿ ಹೇಳುತ್ತದೆ. ಮಧುಮೇಹವೂ ಈ ಗುಂಪಿನಲ್ಲೇ ಬರುತ್ತದೆ.

ಬಾರ್ಲಿ ಗೋಧಿಗೆ ಸೋತದ್ದು ಬ್ರೆಡ್ಡಿನ ವಿಷಯದಲ್ಲಿ. ಗೋಧಿ ಹಿಟ್ಟಿನ ಪ್ರೋಟೀನು ಗಾಳಿಯನ್ನು ಹಿಡಿದಿಟ್ಟು ಬ್ರೆಡ್ಡನ್ನು ಉಬ್ಬಿಸುತ್ತದೆ. ಬಾರ್ಲಿ ಹಿಟ್ಟು ಹಾಗೆ ಉಬ್ಬದು. ಅದರ ಜಿಗುಟು ಬೇರೆ ಬಗೆಯದು. ಬೀಟಾ-ಗ್ಲುಕಾನ್ ಎಂಬ ಕರಗುವ ನಾರು ಅದಕ್ಕೆ ಕಾರಣ. ಈ ನಾರು ಬಿಯರ್ ತಯಾರಕರಿಗೆ ತಲೆನೋವು, ಸೋಸುವ ಕೆಲಸ ಕಟ್ಟಿಕೊಳ್ಳುತ್ತದೆ. ಕೋಳಿ ಸಾಕುವವರಿಗೂ ಬೇಡ, ಮೇವಿನ ಸತ್ವ ಕೋಳಿಯ ಮೈಗೆ ಹತ್ತಲು ಬಿಡುವುದಿಲ್ಲ.

ಅದೇ ಜಿಗುಟು ಮನುಷ್ಯನ ಕರುಳಿನಲ್ಲಿ ಉಪಕಾರಿ. ಅದು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಪಿತ್ತಾಮ್ಲಗಳನ್ನು ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಹೊಸ ಪಿತ್ತಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಇದನ್ನು ಒಪ್ಪಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಹೃದ್ರೋಗದ ಅಪಾಯ ತಗ್ಗಿಸಬಹುದೆಂದು ಬಾರ್ಲಿಯ ಪೊಟ್ಟಣಗಳ ಮೇಲೆ ಹೇಳಿಕೊಳ್ಳಲು 2006ರಲ್ಲಿ ಅಂತಿಮ ಅನುಮತಿ ಕೊಟ್ಟಿತು.

ಗೋಧಿಯ ನಾರು ಹೆಚ್ಚಾಗಿ ತೌಡಿನಲ್ಲಿದೆ. ಮೈದಾ ಮಾಡಿದರೆ ಅದು ಹೋಯಿತು. ಬಾರ್ಲಿಯ ಬೀಟಾ-ಗ್ಲುಕಾನ್ ಕಾಳಿನ ಒಳತಿರುಳಿನಲ್ಲೂ ಹರಡಿದೆ. ಹಾಗಾಗಿ ಹೊಳಪು ಕೊಟ್ಟ ಬಿಳಿ ಬಾರ್ಲಿಯಲ್ಲೂ 100 ಗ್ರಾಮಿಗೆ ಸುಮಾರು 15 ಗ್ರಾಂ ನಾರು ಉಳಿಯುತ್ತದೆ. ಖನಿಜ, ಜೀವಸತ್ವಗಳು ಮಾತ್ರ ತೌಡಿನ ಜತೆ ಒಂದಷ್ಟು ಕಳೆದುಹೋಗುತ್ತವೆ. ಗ್ಲುಟೆನ್ ಇರುವುದರಿಂದ ಸೀಲಿಯಾಕ್ ಕಾಯಿಲೆಯವರಿಗೆ ಬಾರ್ಲಿ ಸಲ್ಲದು.

ಉಳಿದವರು ಗಮನಿಸಬೇಕಾದದ್ದು ಇಷ್ಟೇ. ಜ್ವರ ಬಂದಾಗ, ಬೇಸಿಗೆಯಲ್ಲಿ, ಬಾರ್ಲಿ ಕುದಿಸಿ ನೀರು ಸೋಸಿ ಕುಡಿಸುವುದು ಹಳೆಯ ರೂಢಿ. ದಾಹಕ್ಕೆ ಅದು ಒಳ್ಳೆಯದೇ. ಆದರೆ ನಾರಿನ ಬಹುಪಾಲು ಸೋಸಿ ಚೆಲ್ಲುವ ಆ ಬೆಂದ ಕಾಳಿನಲ್ಲೇ ಇರುತ್ತದೆ.