ಪರಮಾಣುಗಳು ಒಟ್ಟಾಗಿ ತೇರು ಎಳೆದಾಗ



ಪ್ರತಿ ವರ್ಷ ಫೆಬ್ರವರಿ 28ರಂದು ವಿಜ್ಞಾನ ದಿನ ಆಚರಿಸುತ್ತೇವೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡ ಹೊಸ ಬೆಳಕಿನ ಕಥೆ ಹೇಳಿ ಮುಗಿಸುತ್ತೇವೆ. ಆದರೆ ಬೆಳಕು ಮತ್ತು ಪರಮಾಣುಗಳ ಕಥೆಗೆ ಮುಂದಿನ ಅಧ್ಯಾಯವೂ ಇದೆ.

ದ್ರವದ ಮೇಲೆ ಬಿದ್ದ ಬೆಳಕು ಚದುರುವಾಗ ಅದರ ಒಂದು ಸಣ್ಣ ಪಾಲು ಬಣ್ಣ ಬದಲಿಸುತ್ತದೆ. ಅಣುವು ಬೆಳಕಿನಿಂದ ಒಂದಿಷ್ಟು ಶಕ್ತಿ ಪಡೆಯುತ್ತದೆ, ಇಲ್ಲವೇ ಕೊಡುತ್ತದೆ. ಇದೇ ರಾಮನ್ ಪರಿಣಾಮ. 1928ರ ಮಾರ್ಚ್ 16ರಂದು ರಾಮನ್ ಇದನ್ನು ಬೆಂಗಳೂರಿನ ಸಭೆಯಲ್ಲಿ ವಿವರಿಸಿದರು. ಇಲ್ಲಿ ಪ್ರತಿ ಅಣುವೂ ತನ್ನ ಪಾಡಿಗೆ ತಾನು ಬೆಳಕನ್ನು ಚದುರಿಸುತ್ತದೆ. ಅಣುಗಳು 10 ಪಟ್ಟಾದರೆ ಬೆಳಕೂ 10 ಪಟ್ಟು.

1953ರ ಅಕ್ಟೋಬರ್ 1ರಂದು ನಮ್ಮ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಅದಾದ ಮೂರೇ ತಿಂಗಳಿಗೆ, 1954ರ ಜನವರಿಯಲ್ಲಿ, ಅಮೆರಿಕದ ರಾಬರ್ಟ್ ಡಿಕೆ ಒಂದು ಲೇಖನ ಪ್ರಕಟಿಸಿದರು. ಪರಮಾಣುಗಳು ತೀರಾ ಹತ್ತಿರ ಹತ್ತಿರ ಇದ್ದರೆ ಒಂದೊಂದೂ ಬೇರೆ ಬೇರೆಯಾಗಿ ಬೆಳಕು ಸೂಸುತ್ತದೆಯೇ? ಇಲ್ಲ, ಎಲ್ಲವೂ ಸೇರಿ ಒಂದೇ ತಾಳದಲ್ಲಿ ಸೂಸಬಲ್ಲವು ಎಂದರು.

ಜಾತ್ರೆಯ ತೇರು ನೆನೆಸಿಕೊಳ್ಳಿ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹಗ್ಗ ಎಳೆದರೆ ತೇರು ಕದಲದು. ಎಲ್ಲರೂ ಕೂಗಿನೊಂದಿಗೆ ಒಮ್ಮೆಲೇ ಎಳೆದರೆ ಹೊರಟೇಬಿಡುತ್ತದೆ. ಹಾಗೆಯೇ ಇಲ್ಲಿ ಪರಮಾಣುಗಳು 10 ಪಟ್ಟಾದರೆ ಹೊಳಪು 100 ಪಟ್ಟು! ಹೆಚ್ಚಿನ ಶಕ್ತಿ ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. 10 ಪಟ್ಟು ಶಕ್ತಿ ಹತ್ತನೇ ಒಂದು ಪಾಲು ಸಮಯದಲ್ಲಿ ಹೊರಬರುತ್ತದೆ, ಅಷ್ಟೆ. ಅರ್ಧ ಜನ ಹಿಂದಕ್ಕೆ ಎಳೆದರೆ ತೇರು ನಿಲ್ಲುವಂತೆ, ತಾಳ ಎದುರುಬದುರಾದರೆ ಬೆಳಕು ಒಳಗೇ ಉಳಿಯುವುದೂ ಉಂಟು.

1973ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹೈಡ್ರೋಜನ್ ಫ್ಲೋರೈಡ್ ಅನಿಲದಲ್ಲಿ ಇದು ಪ್ರಯೋಗದಿಂದ ಕಂಡುಬಂತು. 1974ರಲ್ಲಿ ಇದೇ ವಿಷಯದ ಕ್ವಾಂಟಂ ಸಿದ್ಧಾಂತದ ಮೇಲೆ ಗ್ರಂಥ ಬರೆದವರು ನಮ್ಮ ದೇಶದ ಗಿರೀಶ್ ಅಗರ್‌ವಾಲ್. ಅವರು 1977ರಿಂದ 1995ರವರೆಗೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1948ರಲ್ಲಿ ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಇಂದೂ ಬೆಳಕು ಮತ್ತು ಪರಮಾಣುಗಳ ಅಧ್ಯಯನ ನಡೆಯುತ್ತಿದೆ.

ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಹೈದರಾಬಾದ್. ನಡುವೆ ನಮ್ಮ ಗಡಿಯ ಕನ್ನಡ ಶಾಲೆಗಳು. "ಕನ್ನಡ ಮಾಧ್ಯಮದ ಮಕ್ಕಳಿಗೆ ಕ್ವಾಂಟಂ ಎಲ್ಲಿ ತಿಳಿಯುತ್ತದೆ?" ಎಂದು ಕೇಳುವವರಿದ್ದಾರೆ. ಈ ಮಾತಿಗೇ ಎಷ್ಟೋ ತಂದೆ-ತಾಯಿ ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತಾರೆ. ತೇರು ಎಳೆದ ಮಗುವಿಗೆ ಡಿಕೆಯ ಮಾತು ತಿಳಿಯದೇ? ಇಂಗ್ಲಿಷಿನಲ್ಲಿ ಇದಕ್ಕೆ 'ಸೂಪರ್‌ರೇಡಿಯನ್ಸ್' ಎನ್ನುತ್ತಾರೆ. ನಾನು ತರಗತಿಯಲ್ಲಿ 'ಕೂಡು ಬೆಳಕು' ಎನ್ನುತ್ತೇನೆ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ಬರುವ ವಿಜ್ಞಾನ ದಿನಕ್ಕೆ ಮಕ್ಕಳಿಂದಲೇ ಹೇಳಿಸೋಣ.