ಹೋದ ಕೊರಳು, ಮರಳಿದ ಮಾತು

1873ರ ಡಿಸೆಂಬರ್ 31ರಂದು ವಿಯೆನ್ನಾದ ಶಸ್ತ್ರವೈದ್ಯ ಥಿಯೋಡೋರ್ ಬಿಲ್‌ರಾತ್, 36 ವರ್ಷದ ಧರ್ಮಬೋಧಕನೊಬ್ಬನ ಧ್ವನಿಪೆಟ್ಟಿಗೆಯನ್ನು ಇಡಿಯಾಗಿ ತೆಗೆದುಹಾಕಿದ. ಕ್ಯಾನ್ಸರಿಗಾಗಿ ಇಂಥ ಶಸ್ತ್ರಚಿಕಿತ್ಸೆ ನಡೆದದ್ದು ಅದೇ ಮೊದಲು. ಬಿಲ್‌ರಾತ್ ಸಂಗೀತಪ್ರೇಮಿ, ಬ್ರಾಮ್ಸ್‌ನಂಥ ಸಂಗೀತಗಾರನ ಆಪ್ತ ಗೆಳೆಯ. ಮಾತನ್ನೇ ನಂಬಿ ಬದುಕಿದವನ ದನಿಯನ್ನು ಕೊಯ್ದು ತೆಗೆಯುವ ಪ್ರಮೇಯ ಅಂಥವನಿಗೇ ಬಂದೊದಗಿತು.

ಆತನ ಸಹಾಯಕ ಗುಸೆನ್‌ಬಾವರ್ ರೋಗಿಗೆ ಕೃತಕ ಧ್ವನಿಪೆಟ್ಟಿಗೆಯೊಂದನ್ನು ಮಾಡಿಕೊಟ್ಟ. ಅದರೊಳಗೆ ಹಾರ್ಮೋನಿಯಂನಲ್ಲಿರುವಂಥ ಲೋಹದ ರೀಡು. ಉಸಿರು ತಾಗಿದರೆ ಒಂದೇ ಶ್ರುತಿಯ ದನಿ ಹೊರಡುತ್ತಿತ್ತು, ಮಾತು ಅರ್ಥವಾಗುತ್ತಿತ್ತು. ಆದರೆ ರೋಗ ಮರುಕಳಿಸಿತು. ಆ ಮನುಷ್ಯ ಬಹುಕಾಲ ಬದುಕಲಿಲ್ಲ.

ಧ್ವನಿಪೆಟ್ಟಿಗೆಯ ಮೊದಲ ಕೆಲಸ ಮಾತಲ್ಲ, ಕಾವಲು. ಅನ್ನ ನೀರು ಶ್ವಾಸನಾಳಕ್ಕೆ ಇಳಿಯದಂತೆ ತಡೆಯುವುದು ಅದೇ. ಅದನ್ನು ತೆಗೆದವರಲ್ಲಿ ಜೊಲ್ಲು, ಆಹಾರ ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ಆಗುತ್ತಿತ್ತು. ಆರಂಭದ ರೋಗಿಗಳಲ್ಲಿ ಅನೇಕರು ಸತ್ತದ್ದು ಹೀಗೆ. ಈ ಶಸ್ತ್ರಕ್ರಿಯೆಗೆ ಎಂಥವರೂ ಅಂಜುತ್ತಿದ್ದರು. ಜರ್ಮನಿಯ ಯುವರಾಜ ಫ್ರೆಡರಿಕ್‌ನ ಗಂಟಲಿಗೆ 1887ರಲ್ಲಿ ಕತ್ತಿ ಹಾಕಬೇಕೇ ಬೇಡವೇ ಎಂದು ವೈದ್ಯರೇ ಜಗಳಾಡಿದರು. ಕತ್ತಿ ಹಾಕಲಿಲ್ಲ. ಮರುವರ್ಷ ಪಟ್ಟಕ್ಕೇರಿದ ಆತ, ಮಾತಿಲ್ಲದೆ ಚೀಟಿ ಬರೆದು ತೋರಿಸುತ್ತ 99 ದಿನ ಆಳಿ ತೀರಿಕೊಂಡ.

ಬರ್ಲಿನ್ನಿನ ಗ್ಲುಕ್ ಎಂಬ ವೈದ್ಯ ಇದಕ್ಕೊಂದು ದಾರಿ ಹುಡುಕಿದ. ಕತ್ತರಿಸಿದ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗದ ಚರ್ಮಕ್ಕೇ ಹೊಲಿದುಬಿಟ್ಟ. ಉಸಿರಿನ ದಾರಿ ಬೇರೆ, ಅನ್ನದ ದಾರಿ ಬೇರೆ ಆಯಿತು, ಸಾವು ಕಡಿಮೆಯಾಯಿತು. ಆದರೆ ಕತ್ತಿನ ರಂಧ್ರದಿಂದಲೇ ಹೊರಹೋಗುವ ಉಸಿರು ಬಾಯಿಗೆ ಬರುವುದೆಲ್ಲಿಂದ? ಪ್ರಾಣ ಉಳಿಸಿದ ಉಪಾಯವೇ ಮಾತಿಗೆ ಅಡ್ಡವಾಯಿತು.

ಕೆಲವರು ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನಲ್ಲೇ ಮಾತನಾಡಲು ಕಲಿತರು. ಇದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಕತ್ತಿಗೆ ಒತ್ತಿ ಹಿಡಿಯುವ ವಿದ್ಯುತ್ ಸಾಧನವೂ ಬಂತು, ಯಂತ್ರದ ದನಿ ಅದು. ಇವೆಲ್ಲಕ್ಕಿಂತ ವಿಚಿತ್ರವಾದದ್ದು 1930ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಗಟ್‌ಮನ್ ದಾಖಲಿಸಿದ ಪ್ರಸಂಗ. ರೋಗಿಯೊಬ್ಬ ಮಂಜುಗಡ್ಡೆ ಒಡೆಯುವ ಸೂಜಿಯನ್ನು ಕಾಯಿಸಿ, ತನ್ನ ಶ್ವಾಸನಾಳದಿಂದ ಅನ್ನನಾಳಕ್ಕೆ ತಾನೇ ತೂತು ಕೊರೆದುಕೊಂಡಿದ್ದ. ಬೆರಳಿನಿಂದ ಕತ್ತಿನ ರಂಧ್ರ ಮುಚ್ಚಿದರೆ ಮಾತು ಬರುತ್ತಿತ್ತು! ಆ ಧೈರ್ಯವನ್ನು ಏನೆನ್ನಬೇಕೋ.

ಆದರೆ ಆ ತೂತಿನಿಂದ ಆಹಾರ ಮತ್ತೆ ಶ್ವಾಸಕೋಶಕ್ಕೆ ಜಿನುಗುವ ಹಳೆಯ ಭಯ ಇದ್ದೇ ಇತ್ತು. ಇಂಡಿಯಾನಾಪೊಲಿಸ್‌ನ ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಪರಿಹಾರ ನೀಡಿತು. ಅವರು ಅಲ್ಲಿ ಕೂರಿಸಿದ್ದು ಸಿಲಿಕೋನಿನ ಪುಟ್ಟ ಕವಾಟ. ಗಾಳಿಯನ್ನು ಅನ್ನನಾಳಕ್ಕೆ ಬಿಡುತ್ತದೆ, ಅನ್ನವನ್ನು ಇತ್ತ ಬಿಡುವುದಿಲ್ಲ. ಗಂಟಲಿನ ಗೋಡೆಯೇ ಕಂಪಿಸಿ ದನಿಯಾಗುತ್ತದೆ.

ತೊಡಕು ಇಲ್ಲದಿಲ್ಲ. ಕವಾಟದ ಮೇಲೆ ಶಿಲೀಂಧ್ರ ಬೆಳೆದು ಸೋರತೊಡಗುತ್ತದೆ. ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಆಮದು ಕವಾಟದ ಬೆಲೆ ಸಾವಿರಾರು ರೂಪಾಯಿ. ಬೀಡಿ ಸೇದಿ ಈ ರೋಗ ತಂದುಕೊಂಡ ಬಡ ಕೂಲಿಯವನು ಅದನ್ನು ಎಷ್ಟು ಸಲ ಕೊಂಡಾನು? ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ವಿಶಾಲ್ ರಾವ್ ಅವರು, ಉದ್ಯಮಿ ಗೆಳೆಯರೊಬ್ಬರ ನೆರವಿನಿಂದ 2015ರ ಸುಮಾರಿಗೆ ‘ಓಂ’ ಎಂಬ ಕವಾಟವನ್ನು ಸುಮಾರು 50 ರೂಪಾಯಿ ವೆಚ್ಚದಲ್ಲಿ ರೂಪಿಸಿದ್ದು ಈ ಕಾರಣಕ್ಕೇ.

ಮಾತು ಮರಳಿದರೂ ಬದುಕು ಮೊದಲಿನಂತಿರದು. ಉಸಿರು ಮೂಗಿಗೆ ಹಾಯದ್ದರಿಂದ ಒಗ್ಗರಣೆಯ ವಾಸನೆ ಸರಿಯಾಗಿ ತಿಳಿಯದು. ಸ್ನಾನ ಮಾಡುವಾಗ ಕತ್ತಿನ ರಂಧ್ರಕ್ಕೆ ನೀರು ಹೋಗದಂತೆ ಮರೆಮಾಡಬೇಕು. ದನಿ ಒರಟು, ತಗ್ಗು. ಫೋನಿನಲ್ಲಿ ಹೆಂಗಸರನ್ನೂ ಗಂಡಸೆಂದೇ ತಿಳಿದು ಮಾತನಾಡಿಸುವವರುಂಟು.