ಬೆಳಕಿನ ಚಿಕಿತ್ಸೆಯ ಔಷಧಗಳು: ಕ್ಯಾನ್ಸರ್ ಕೋಶದ ಒಳಹೊರಗಿನ ಇತಿಹಾಸ

ಬೆಳಕು ಬಿದ್ದಾಗ ಮಾತ್ರ ಚುರುಕಾಗುವ ಔಷಧದಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಿಧಾನಕ್ಕೆ ಫೋಟೊಡೈನಮಿಕ್ ಚಿಕಿತ್ಸೆ ಎಂದು ಹೆಸರು. ಬೆಳಕು ಹೀರಿದ ಔಷಧ ಪಕ್ಕದ ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸುತ್ತದೆ. ಆ ಆಮ್ಲಜನಕ ಹುಟ್ಟಿದ ಜಾಗದಿಂದ ಹೆಚ್ಚು ದೂರ ಸಾಗುವ ಮೊದಲೇ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಔಷಧ ಕೋಶದ ಯಾವ ಮೂಲೆಯಲ್ಲಿ ಕೂತಿದೆ ಎಂಬುದೇ ಫಲ ನಿರ್ಧರಿಸುತ್ತದೆ.

1900ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡಿನ್ ಬಣ್ಣ ಸೇರಿದ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಗಳು ಬೆಳಕಿಗೆ ಸಾಯುವುದನ್ನು ಕಂಡ. 1912ರಲ್ಲಿ ಜರ್ಮನ್ ವೈದ್ಯ ಫ್ರೀಡ್ರಿಕ್ ಮೇಯರ್-ಬೆಟ್ಜ್ ಬೆಳಕಿಗೆ ಚುರುಕಾಗುವ ಹೆಮಟೊಪಾರ್ಫಿರಿನ್ ಅನ್ನು ತನಗೇ ಚುಚ್ಚಿಕೊಂಡ. ಎರಡು ತಿಂಗಳಿಗೂ ಹೆಚ್ಚು ಕಾಲ ಬಿಸಿಲು ತಾಗಿದರೆ ಆತನ ಮೈ ಊದುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಥಾಮಸ್ ಡೌಘರ್ಟಿ ಈ ಬೆಳಕಿನ ವಿಧಾನವನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಬೆಳೆಸಿದರು. 1993ರಲ್ಲಿ ಕೆನಡಾ ಈ ಬಗೆಯ ಔಷಧ ಫೋಟೊಫ್ರಿನ್‌ಗೆ ಅನುಮತಿ ನೀಡಿತು.

ಇಂಥ ಜಿಡ್ಡುಪ್ರಿಯ ಔಷಧಗಳಲ್ಲಿ ಹಲವು, ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಕಣಗಳ ಜೊತೆ ಕೋಶ ಸೇರುತ್ತವೆ. 1990ರಲ್ಲಿ ಕೆನಡಾದ ಕೆನಡಿ ಮತ್ತು ಪೊಟಿಯರ್ ಬೇರೆ ದಾರಿ ಹಿಡಿದರು: ಅಮಿನೊಲೆವ್ಯುಲಿನಿಕ್ ಆಮ್ಲ ಕೊಟ್ಟರೆ ಕೋಶವೇ ಬೆಳಕಿಗೆ ಚುರುಕಾಗುವ ಪ್ರೊಟೊಪಾರ್ಫಿರಿನ್ ತಯಾರಿಸಿಕೊಳ್ಳುತ್ತದೆ. ಔಷಧ ಕೋಶದ ಒಳಹೋಗುವ ತೊಡಕು ಹಗುರಾಯಿತು, ಕೋಶದಿಂದ ಹೊರಬೀಳುವ ತೊಡಕು ಉಳಿಯಿತು.

ಔಷಧ ಹೀಗೆ ಹೊರಬೀಳುವ ಗುಟ್ಟು ಬಯಲಾದದ್ದು ಇಲಿಗಳಿಂದ. 1998ರಲ್ಲಿ ಔಷಧಕ್ಕೆ ಬಗ್ಗದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಎಬಿಸಿಜಿ2 ಎಂಬ ಪ್ರೋಟೀನು ಪತ್ತೆಯಾಗಿತ್ತು. ಕೋಶದ ಪೊರೆಯಲ್ಲಿ ಕೂತು ಒಳಗಿನ ವಸ್ತುಗಳನ್ನು ಹೊರಹಾಕುವ ಪಂಪ್ ಇದು. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ಈ ಪ್ರೋಟೀನಿಲ್ಲದ ಇಲಿಗಳನ್ನು ಬೆಳೆಸಿದರು. ಮೇವಿನ ಪತ್ರಹರಿತ್ತು ಒಡೆದು ಆಗುವ ಫಿಯೊಫೋರ್ಬೈಡ್ ಹೊರಹೋಗಲಾರದೆ ಮೈಯಲ್ಲಿ ತುಂಬಿ, ಬೆಳಕಿಗೆ ಚರ್ಮ ಹುಣ್ಣಾಯಿತು. ಪ್ರೊಟೊಪಾರ್ಫಿರಿನ್ ಕೂಡ ಶೇಖರವಾಗಿತ್ತು. ಇದೇ ಪಂಪ್ ಹೆಚ್ಚಿರುವ ಗೆಡ್ಡೆ ಔಷಧವನ್ನು ಹೊರತಳ್ಳಿ ಬದುಕಿಕೊಳ್ಳಬಲ್ಲದು. ಇಮಾಟಿನಿಬ್‌ನಂಥ ಕ್ಯಾನ್ಸರ್ ಮಾತ್ರೆ ಆ ಪಂಪನ್ನು ತಡೆಯಬಲ್ಲದೆಂದು ಆಮೇಲೆ ಪ್ರಯೋಗಾಲಯಗಳಲ್ಲಿ ಕಂಡುಬಂತು.

ಕರ್ನಾಟಕದಲ್ಲಿ ಇಂಥ ಔಷಧಗಳ ಸಂಶೋಧನೆಯ ಒಂದು ನೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಖಿಲ್ ಆರ್. ಚಕ್ರವರ್ತಿ ಅವರ ತಂಡ ವನೇಡಿಯಂ, ಕೋಬಾಲ್ಟ್, ಪ್ಲಾಟಿನಂ ಲೋಹಗಳಿಗೆ ಅರಿಶಿನದ ಕರ್ಕ್ಯುಮಿನ್ ಬೆಸೆಯಿತು. ಬರೀ ಕರ್ಕ್ಯುಮಿನ್ ಬೇಗ ಕೆಡುತ್ತದೆ, ಲೋಹದ ಜೊತೆ ಬಾಳುತ್ತದೆ. ಕರ್ಕ್ಯುಮಿನ್ ಬೆಳಕಿಗೆ ತಾನೇ ಹೊಳೆಯುವುದರಿಂದ ಕೋಶದಲ್ಲಿ ಎಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಬಯೋಟಿನ್ ಜೋಡಿಸಿದ ಸಂಯುಕ್ತಗಳು ಆ ಜೀವಸತ್ವಕ್ಕೆ ಹಸಿದ ಕ್ಯಾನ್ಸರ್ ಕೋಶಗಳನ್ನು ಹೆಚ್ಚಾಗಿ ಸೇರುತ್ತವೆ. ಇವೆಲ್ಲ ಬಹುಪಾಲು ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾದಂಥ ಕ್ಯಾನ್ಸರ್ ಕೋಶಗಳ ಮೇಲಿನ ಪ್ರಯೋಗಗಳು.

ಫೋಟೊಫ್ರಿನ್ ಪಡೆದವರು ಕನಿಷ್ಠ 30 ದಿನ ಬಿಸಿಲಿನಿಂದ ದೂರವಿರಬೇಕು. ವಿಜಯಪುರ, ತಿಕೋಟಾ, ಬಬಲೇಶ್ವರದಂಥ ಬಿರುಬಿಸಿಲಿನ ಸೀಮೆಯಲ್ಲಿ, ಹೊಲಕ್ಕೆ ಹೋಗದೆ ನಡೆಯದ ಮನೆಗಳಿಗೆ ಇದು ಸಣ್ಣ ಷರತ್ತಲ್ಲ. ಗೆಡ್ಡೆಯಲ್ಲಿ ನಿಲ್ಲುವ, ಚರ್ಮದಿಂದ ಬೇಗ ಹೊರಡುವ ಔಷಧವೇ ಇಲ್ಲಿಗೆ ಒಗ್ಗುವುದು.